ಗಂಗಕ್ಕನ ಚೈನ್ ಕೊಂಡಿ

ಮುತ್ತಿನಕೊಪ್ಪದ ಗಂಗಾಂಬಿಕೆ ಸೈಕಲ್ ಕಲಿತದ್ದು ಮಗಳನ್ನು ಮದುವೆ ಮಾಡಿ ಕಳಿಸಿದ ಮೇಲೆ. ಮಗಳು ದಿವ್ಯ ಎಂಟನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಕೊಟ್ಟ ಸೈಕಲ್ಲು ಅದು. ಅವಳು ಗಂಡನ ಜೊತೆ ಶೃಂಗೇರಿಗೆ ಹೋದ ಮೇಲೆ ಸೈಕಲ್ಲು ಸೌದೆ ಕೊಟ್ಟಿಗೆ ಸೇರಿ, ಗೋಣಿಚೀಲ ಒಣಹಾಕುವುದಕ್ಕೆ ಒಂದು ಜಾಗವಾಗಿತ್ತು. ಒಂದು ಭಾನುವಾರ ಗಂಗಾಂಬಿಕೆ ಆ ಗೋಣಿಗಳನ್ನೆಲ್ಲ ಅತ್ತ ಎಸೆದು ಸೈಕಲ್ಲನ್ನು ಅಂಗಳಕ್ಕೆ ಎಳೆದು ತಂದಳು. ಸೀರೆಯ ನೆರಿಗೆಯನ್ನು ಸೊಂಟಕ್ಕೆ ಎತ್ತಿ ಸಿಕ್ಕಿಸಿಕೊಂಡು ನಿಂತವಳನ್ನು ನೋಡಿ, ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಅವಳ ಗಂಡ ವಾಸಪ್ಪ ಕಾಫಿ ಲೋಟ ಹಿಡಿದುಕೊಂಡೇ ಹೊರಗೆ ಬಂದ.

“ಎಂತ ಮಾಡ್ತಿದೀಯೇ?”

“ಸೈಕಲ್ ಕಲೀತಿದೀನಿ. ನೀವು ಹಿಂದ್ಗಡೆ ಹಿಡ್ಕಳಿ.”

“ಈ ವಯಸ್ಸಲ್ಲಿ ಬಿದ್ದು ಸೊಂಟ ಮುರ್ಕಂಡ್ರೆ?”

“ಮುರ್ಕಂಡ್ರೆ ಅಡಿಗೆ ನೀವೇ ಮಾಡ್ಬೇಕಾಗುತ್ತೆ. ಅದ್ಕೇ ಗಟ್ಟಿಯಾಗಿ ಹಿಡ್ಕಳಿ.”

ವಾಸಪ್ಪ ಕಾಫಿ ಲೋಟವನ್ನು ಜಗಲಿಯ ಮೇಲಿಟ್ಟು ಬಂದು ಗಟ್ಟಿಯಾಗಿಯೇ ಹಿಡಿದುಕೊಂಡ.

ಅವಳು ಹೀಗೆ ಹಠ ಹಿಡಿಯುವುದಕ್ಕೆ ಕಾರಣವಾದದ್ದು ಒಂದು ಬುಟ್ಟಿ ಒಣಮೀನು. ಗಂಗಾಂಬಿಕೆಯ ಕೆಲಸ ಸೀರೆಗಳದ್ದು. ಊರಿನ ಮತ್ತು ಸುತ್ತಲಿನ ಮನೆಗಳಿಂದ ಹೊಸ ಸೀರೆ ತಂದು ಫಾಲ್ ಹಚ್ಚಿ, ಸೆರಗಿಗೆ ಕುಚ್ಚು ಕಟ್ಟಿ ಕೊಡುತ್ತಾಳೆ. ಪಿಕೋ ಮಾಡುವುದಕ್ಕೂ ರವಿಕೆ ಹೊಲಿಯುವುದಕ್ಕೂ ಮೆಷಿನ್ನು ಬೇಕು. ಅದಕ್ಕೆ ನರಸಿಂಹರಾಜಪುರದಲ್ಲಿ ಮೆಹರ್ ಬಾನು ಇದ್ದಾಳೆ. ಇಬ್ಬರೂ ಸೇರಿ ಬಹಳ ವರ್ಷಗಳಿಂದ ಈ ಕೆಲಸ ನಡೆಸಿಕೊಂಡು ಬಂದಿದ್ದಾರೆ. ಗಂಗಾಂಬಿಕೆ ಆಗೆಲ್ಲ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಒಂದು ದಿನ ನಿಲ್ಲಲೂ ಜಾಗವಿಲ್ಲದ ಬಸ್ಸಿನಲ್ಲಿ ಯಾರೋ ಒಣಮೀನಿನ ಬುಟ್ಟಿಯನ್ನು ಅವಳ ಸೀರೆ ಗಂಟಿನ ಮೇಲೆಯೇ ಇಟ್ಟುಬಿಟ್ಟರು. ಆ ಗಂಟಿನೊಳಗೆ ಒಂದು ಸೀಮಂತದ ಸೀರೆಯಿತ್ತು. ಅದನ್ನು ಬಿಸಿಲಿಗೆ ಹಾಕಿ, ಗಾಳಿಗೆ ಹಾಕಿ, ನಡುವೆ ಸಂಪಿಗೆ ಹೂವಿಟ್ಟು ಮಡಿಚಿ ಏನು ಮಾಡಿದರೂ ವಾಸನೆ ಹೋಗಲಿಲ್ಲ. ಸೀರೆಯವಳು ಪುಣ್ಯಕ್ಕೆ ಒಳ್ಳೆಯವಳು, ನಕ್ಕು ಸುಮ್ಮನಾದಳು. ಗಂಗಾಂಬಿಕೆ ಮಾತ್ರ ಇನ್ನು ಸೀರೆ ಗಂಟಿನ ಜೊತೆ ಬಸ್ಸು ಹತ್ತುವುದಿಲ್ಲ ಎಂದು ತೀರ್ಮಾನ ಮಾಡಿದಳು.

ಸೈಕಲ್ಲೇನೋ ಬಂತು. ಎರಡು ಸಲ ಹಾಗಲಕಾಯಿ ಚಪ್ಪರದೊಳಗೆ ನುಗ್ಗಿ, ಒಂದು ಸಲ ಪಕ್ಕದ ಮನೆಯ ಎಮ್ಮೆಯನ್ನು ಗಾಬರಿಪಡಿಸಿ, ಕೊನೆಗೆ ರಸ್ತೆಗೂ ಇಳಿದದ್ದಾಯಿತು. ಆದರೆ ಕೊಟ್ಟಿಗೆಯಲ್ಲಿ ನಿಂತೇ ವರ್ಷಗಳನ್ನು ಕಳೆದ ಸೈಕಲ್ಲಿನ ಚೈನು ತುಕ್ಕು ಹಿಡಿದಿತ್ತು. ನರಸಿಂಹರಾಜಪುರಕ್ಕೆ ಹೋಗುವಾಗ ಒಂದು ಏರಿನಲ್ಲಿ, ಗಂಗಾಂಬಿಕೆ ಎದ್ದು ನಿಂತು ಪೆಡಲ್ ಒತ್ತಿದ್ದೇ ತಡ, ಚೈನು ಕಡಿದು ಹಾವಿನ ಹಾಗೆ ರಸ್ತೆಯಲ್ಲಿ ಬಿತ್ತು.

ಚೈನು ಕಡಿದದ್ದು ಅವಳಿಗೆ ಅಷ್ಟು ದೊಡ್ಡ ಕಷ್ಟವಾಗಲಿಲ್ಲ. ಅದನ್ನು ಎತ್ತಿಕೊಂಡ ಮೇಲೆ ಎರಡೂ ಕೈ ಇದ್ದಿಲಿನಂತಾದವು, ಕಷ್ಟ ಶುರುವಾದದ್ದು ಆಗ. ಕ್ಯಾರಿಯರ್ ಮೇಲಿನ ಗಂಟು ಜಾರುತ್ತಿತ್ತು, ಒಳಗೆ ಕೆನೆ ಬಣ್ಣದ ರೇಷ್ಮೆ ಸೀರೆ. ಮುಟ್ಟುವ ಹಾಗಿಲ್ಲ. ಮೊಣಕೈಯಿಂದ ಗಂಟನ್ನು ಒತ್ತಿ ಹಿಡಿದು, ಬೆರಳ ತುದಿಯಲ್ಲಿ ಹ್ಯಾಂಡಲ್ ತಳ್ಳುತ್ತಾ, ದಾರಿಯುದ್ದಕ್ಕೂ ಸೊಟ್ಟಗೆ ನಡೆದುಕೊಂಡು ಹೋಗಿ ಮೆಹರ್ ಬಾನುವಿನ ಬಾಗಿಲನ್ನು ಕಾಲಲ್ಲಿ ತಟ್ಟಿದಳು.

ಬಾಗಿಲು ತೆಗೆದ ಮೆಹರ್ ಬಾನುಗೆ ನಗು ತಡೆಯಲಾಗಲಿಲ್ಲ. “ಯಾ ಅಲ್ಲಾ, ಗಂಗಕ್ಕಾ! ಹಣೆ ಮೇಲೂ ಇದೆ, ಮೂಗಿನ ಮೇಲೂ ಇದೆ!”

“ನಗಬೇಡ ಮಾರಾಯ್ತಿ. ಮೊದ್ಲು ಗಂಟು ಇಳಿಸು.”

ಮೆಹರ್ ಬಾನು ಗಂಟು ಇಳಿಸಿ, ಗೆಳತಿಯ ಅಂಗೈಗೆ ಕೊಬ್ಬರಿ ಎಣ್ಣೆ, ಅದರ ಮೇಲೆ ಸಕ್ಕರೆ ಸುರಿದು ತಿಕ್ಕಿ ತೊಳೆಸಿದಳು. ಅವಳ ಗಂಡ ಅಸಾದುಲ್ಲಾ ಸಾಹೇಬರದ್ದು ಮನೆಯ ಮುಂದೆಯೇ ಸೈಕಲ್ ಅಂಗಡಿ. ಈಗ ಸೈಕಲ್ಲಿಗಿಂತ ಬೈಕಿನ ಪಂಕ್ಚರ್ ಕೆಲಸವೇ ಹೆಚ್ಚಾಗಿದ್ದರೂ ಬೋರ್ಡು ಹಾಗೇ ಇದೆ. ಅವರು ಚೈನನ್ನು ಬೆಳಕಿಗೆ ಹಿಡಿದು ನೋಡಿ, ಕಡಿದಿದ್ದ ಕೊಂಡಿ ತೆಗೆದು ಬೇರೆ ಕೊಂಡಿ ಸೇರಿಸಿ ಕೂರಿಸಿದರು.

“ಸದ್ಯಕ್ಕೆ ಓಡುತ್ತೆ ಅಕ್ಕ. ಆದ್ರೆ ತುಕ್ಕು ತಿಂದಿದೆ. ಬೇರೆ ಎಲ್ಲಾದ್ರೂ ಮತ್ತೆ ಬಿಡಬಹುದು.”

“ಹಂಗಾದ್ರೆ ಹಾಕೋದು ನಂಗೂ ಹೇಳ್ಕೊಡಿ.”

ಸಾಹೇಬರು ತಲೆ ಕೆರೆದುಕೊಂಡರು. “ನೀವೆಲ್ಲಿ ಈ ಗ್ರೀಸಲ್ಲಿ ಕೈ ಹಾಕ್ತೀರಿ? ಒಂದು ಫೋನ್ ಮಾಡಿ, ನಾನೇ ಬರ್ತೀನಿ.”

ಒಳಗಿನಿಂದ ಮೆಹರ್ ಬಾನುವಿನ ದನಿ ಬಂತು. “ಊಟಕ್ಕೆ ಬನ್ನಿ ಅಂತ ಬಾಗಿಲಲ್ಲಿ ನಿಂತು ಕರೆದ್ರೇ ಬರಲ್ಲ ನೀವು. ಫೋನ್ ಮಾಡಿದ್ರೆ ಬರ್ತೀರಾ? ಸುಮ್ನೆ ಕಲಿಸ್ಕೊಡ್ರೀ.”

ಹಾಗೆ ಗಂಗಾಂಬಿಕೆಯ ಪಾಠ ಶುರುವಾಯಿತು. ಚೈನಿನ ಪಿನ್ನು ಒತ್ತಿ ತೆಗೆಯುವ ಪುಟ್ಟ ಹತ್ಯಾರು, ನಾಲ್ಕಾರು ಕೊಂಡಿಗಳು, ಎರಡು ತುದಿಗಳನ್ನು ಸೇರಿಸುವ ಲಾಕು. ಆ ಲಾಕಿನ ಮೇಲೆ ಕೂರುವ ಸಣ್ಣ ಪಟ್ಟಿ ಮೀನಿನ ಆಕಾರದಲ್ಲಿರುತ್ತದೆ. ಸಾಹೇಬರು ಅದನ್ನು ಅವಳ ಬೆರಳಿಗಿಟ್ಟು, “ಚೈನು ಯಾವ ಕಡೆ ಓಡುತ್ತೋ ಆ ಕಡೆಗೇ ಮೀನು ಈಜ್ಬೇಕು. ತಲೆ ಮುಂದೆ, ಬಾಲ ಹಿಂದೆ. ಉಲ್ಟಾ ಹಾಕಿದ್ರೆ ದಾರೀಲಿ ಬಿಚ್ಕೊಳ್ಳುತ್ತೆ,” ಎಂದರು. ಜೊತೆಗೆ ಅಭ್ಯಾಸಕ್ಕೆಂದು ಒಂದು ಹಳೆಯ ಚೈನನ್ನೂ ಕೊಟ್ಟರು.

ಗಂಗಾಂಬಿಕೆ ಆ ಚೈನನ್ನು ಮನೆಗೆ ತಂದು, ಸಂಜೆ ಟಿವಿಯಲ್ಲಿ ಧಾರಾವಾಹಿ ನೋಡುತ್ತಾ ಪೇಪರ್ ಹಾಸಿಕೊಂಡು ಬಿಚ್ಚುವುದು, ಸೇರಿಸುವುದು, ಮತ್ತೆ ಬಿಚ್ಚುವುದು ಮಾಡಿದಳು. “ಟಿವಿ ಮುಂದೆ ಹೂ ಕಟ್ಟೋ ಹೆಂಗಸರನ್ನ ನೋಡಿದೀನಿ, ಚೈನ್ ಕಟ್ಟೋರನ್ನ ಇವತ್ತೇ ನೋಡಿದ್ದು,” ಎಂದ ವಾಸಪ್ಪ. ಕುಚ್ಚು ಕಟ್ಟಿ ಕಟ್ಟಿ ಪಳಗಿದ ಬೆರಳುಗಳು, ಬೇಗ ಹಿಡಿತ ಸಿಕ್ಕಿತು. ಅಡಿಗೆಮನೆಯಲ್ಲಿ ಖಾಲಿಯಾಗಿದ್ದ ಇಂಗಿನ ಡಬ್ಬಿಯೊಂದಕ್ಕೆ ಹತ್ಯಾರು, ಕೊಂಡಿ, ಲಾಕುಗಳನ್ನು ತುಂಬಿಕೊಂಡಳು. ಹಳೆಯ ಲಂಗದ ಬಟ್ಟೆಯಲ್ಲಿ ಒಂದು ಜೊತೆ ಕೈಗವಸು ಹೊಲಿದುಕೊಂಡಳು. ಎಷ್ಟು ತೊಳೆದರೂ ಡಬ್ಬಿಯ ಇಂಗಿನ ವಾಸನೆ ಮಾತ್ರ ಹೋಗಲಿಲ್ಲ, ಕೊಂಡಿಗಳಿಗೂ ಅದೇ ಹತ್ತಿತು.

ಅವಳದೇ ಚೈನು ಆಮೇಲೆ ಕಡಿದದ್ದು ಕಡಿಮೆ. ಸಾಹೇಬರು ಹೊಸದನ್ನೇ ಹಾಕಿಕೊಟ್ಟಿದ್ದರು. ಆದರೆ ದಾರಿಯಲ್ಲಿ ಬೇರೆಯವರ ಚೈನುಗಳು ಕಡಿಯುತ್ತಿದ್ದವು. ಶಾಲೆಗೆ ಹೋಗುವ ಹುಡುಗಿಯರು, ಪೇಪರ್ ಹಾಕುವವನು, ತೋಟದ ಕೆಲಸಕ್ಕೆ ಹೋಗುವವರು, ಹಾಲು ಡೈರಿಗೆ ಕ್ಯಾನ್ ಕಟ್ಟಿಕೊಂಡು ಹೊರಟವರು. ಗಂಗಾಂಬಿಕೆ ಇಳಿದು, ಲಂಗದ ಬಟ್ಟೆಯ ಕೈಗವಸು ಹಾಕಿಕೊಂಡು ಕೂತರೆ ಸ್ವಲ್ಪ ಹೊತ್ತಿಗೆ ಸೈಕಲ್ಲು ಓಡುತ್ತಿತ್ತು. ಗಂಗಕ್ಕ ಎಂದು ಕರೆಯುತ್ತಿದ್ದವರು ಚೈನ್ ಗಂಗಕ್ಕ ಎನ್ನತೊಡಗಿದರು. ಅವಳು ಏನೂ ಕೇಳುತ್ತಿರಲಿಲ್ಲ. ಅದಕ್ಕೆ ಅವರು ತಮಗೆ ತೋಚಿದ್ದನ್ನು ಸೈಕಲ್ಲಿನ ಬುಟ್ಟಿಗೆ ಹಾಕುತ್ತಿದ್ದರು. ಒಮ್ಮೆ ಸೌತೆಕಾಯಿ, ಒಮ್ಮೆ ಕೆಸುವಿನ ಸೊಪ್ಪು. ಒಮ್ಮೆ ಒಬ್ಬ ಮುದುಕ ಕಾಲು ಕಟ್ಟಿದ ಜೀವಂತ ಕೋಳಿಯನ್ನೇ ಬುಟ್ಟಿಯಲ್ಲಿ ಕೂರಿಸಿ, ಬೇಡ ಎನ್ನುವುದರೊಳಗೆ ಹೊರಟೇಹೋದ. ಗಂಗಾಂಬಿಕೆಯ ಮನೆಗೆ ಮೊಟ್ಟೆ ಕೂಡ ಬರುವುದಿಲ್ಲ. ಅವಳು ಕೋಳಿಯನ್ನು ನರಸಿಂಹರಾಜಪುರಕ್ಕೆ ಸವಾರಿ ಮಾಡಿಸಿ ಮೆಹರ್ ಬಾನುಗೆ ಕೊಟ್ಟಳು. ಇಷ್ಟು ದೂರ ಸೈಕಲ್ಲಲ್ಲಿ ಕೂತು ಬಂದದ್ದನ್ನು ಕೊಯ್ಯಲು ಮೆಹರ್ ಬಾನುಗೂ ಮನಸ್ಸಾಗಲಿಲ್ಲ. ಅದು ಈಗಲೂ ಅವರ ಹಿತ್ತಲಲ್ಲಿ ಮೊಟ್ಟೆ ಇಡುತ್ತಾ ಹಾಯಾಗಿದೆ.

ಇಷ್ಟಾದರೂ ಗಂಗಕ್ಕನ ಹೆಸರು ಕೊಪ್ಪದವರೆಗೆ ಹೋದದ್ದು ಕಳೆದ ವರ್ಷದ ಭವ್ಯಳ ಮದುವೆಯಿಂದ.

ಭವ್ಯ ಗಂಗಾಂಬಿಕೆಯ ಮನೆಯಿಂದ ನಾಲ್ಕು ಮನೆ ಆಚೆಯ ಹುಡುಗಿ. ಗಂಡು ಕೊಪ್ಪದ ವಿಜಯ್, ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರು. ಮದುವೆ ಮುತ್ತಿನಕೊಪ್ಪದ ಸಮುದಾಯ ಭವನದಲ್ಲಿ. ಭವ್ಯಳ ಮುಹೂರ್ತದ ರವಿಕೆಯನ್ನು ಮೆಹರ್ ಬಾನುವೇ ಹೊಲಿದು, ತೋಳಿನ ಮೇಲೆ ನವಿಲಿನ ಕಸೂತಿ ಮಾಡಿ ಮಣಿ ಪೋಣಿಸಿದ್ದಳು. ಮದುವೆಯ ಹಿಂದಿನ ದಿನ ಬಳೆ ತೊಡಿಸುವ ಶಾಸ್ತ್ರದ ಹೊತ್ತಿನಲ್ಲಿ ಹಾಕಿ ನೋಡಿದರೆ ತೋಳು ಮೊಣಕೈ ದಾಟಿ ಮೇಲೇರಲಿಲ್ಲ.

ಭವ್ಯ ಅಳುಮುಖ ಮಾಡಿದಳು. “ನಾನು ಅಷ್ಟು ದಪ್ಪ ಆಗಿದೀನಾ ಗಂಗಕ್ಕ?”

“ಇಲ್ಲಪ್ಪ, ನೀನು ಸರಿಯಾಗೇ ಇದೀಯ. ಬ್ಲೌಸೇ ಸಣ್ಣಾಗಿದೆ,” ಎಂದಳು ಗಂಗಾಂಬಿಕೆ. “ನಾಳೆ ಬೆಳಿಗ್ಗೆ ಮುಂಚೆ ಹೋಗಿ ಬಿಡಿಸ್ಕೊಂಡು ಬರ್ತೀನಿ. ನೀನು ತಲೆ ಕೆಡಿಸ್ಕೋಬೇಡ.”

ಮರುದಿನ ಮೆಹರ್ ಬಾನು ಚಹಾ ಕುಡಿಯುವುದನ್ನೂ ಬಿಟ್ಟು ಕೂತಳು. ತೋಳಿನ ಹೊಲಿಗೆಯ ಒಳಗೆ ಬಟ್ಟೆ ಬಿಟ್ಟಿದ್ದಳು. ನವಿಲಿನ ಬಾಲದ ಕೆಲವು ಮಣಿ ಬಿಚ್ಚಿ, ತೋಳು ಬಿಡಿಸಿ ಹೊಲಿದು, ಮಣಿ ಮತ್ತೆ ಪೋಣಿಸಿ, ರವಿಕೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. “ಮದುವೆಗೆ ನಾವೂ ಬರ್ತೀವಿ ಹಿಂದಿಂದೆ. ನೀವು ಓಡಿ,” ಎಂದಳು. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಪಿಕೋ ಆಗಿದ್ದ ನಾಲ್ಕು ಸೀರೆಗಳನ್ನೂ ಬುಟ್ಟಿಗೆ ಹಾಕಿಕೊಂಡು ಗಂಗಾಂಬಿಕೆ ಆರಾಮಾಗಿಯೇ ಹೊರಟಳು.

ಪೇಟೆ ದಾಟಿ ಬಂದು, ಮರಗಳ ಸಂದಿಯಲ್ಲಿ ಭದ್ರಾ ಹಿನ್ನೀರು ಕಾಣುವ ತಿರುವಿನ ಹತ್ತಿರ ಅವಳು ಬ್ರೇಕ್ ಹಿಡಿದಳು. ರಸ್ತೆಯ ಬದಿಯಲ್ಲಿ ಸೈಕಲ್ಲುಗಳ ಒಂದು ಗುಂಪೇ ನಿಂತಿತ್ತು. ಒಂದೊಂದರ ಹ್ಯಾಂಡಲ್ಲಿಗೂ ಬಲೂನು, ಸೇವಂತಿಗೆ ಮಾಲೆ. ಮರದ ಕೊಂಬೆಗೆ ಒಂದು ಜರಿ ಪೇಟ ನೇತು ಹಾಕಿತ್ತು. ಅದರ ಕೆಳಗೆ ಬಿಳಿ ಜುಬ್ಬಾದ ಯುವಕನೊಬ್ಬ, ಹೂವಿನಲ್ಲಿ ಮುಚ್ಚಿಹೋದ ಹಳೆಯ ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಕೈಯಲ್ಲಿ ಕಡಿದ ಚೈನು.

ನಿಶ್ಚಿತಾರ್ಥದಲ್ಲಿ ಅವನನ್ನು ನೋಡಿದ್ದ ಗಂಗಾಂಬಿಕೆಗೆ ಗುರುತು ಸಿಕ್ಕಿತು. “ಎಂತ ಮದುಮಗನೇ, ಮದುವೆ ಇಲ್ಲೇ ಮಾಡ್ಕಳೋದು ಅಂತಾಯ್ತಾ?”

ವಿಜಯ್ ತಲೆ ಎತ್ತಿ ಪೆಚ್ಚಾಗಿ ನಕ್ಕ. ಅವನೂ ಅವನ ಗೆಳೆಯರೂ ರಾತ್ರಿ ನರಸಿಂಹರಾಜಪುರದ ನೆಂಟರ ಮನೆಯಲ್ಲಿ ಉಳಿದು, ಬೆಳಿಗ್ಗೆ ಸೈಕಲ್ ದಿಬ್ಬಣ ಹೊರಟಿದ್ದರು. ಹೆಂಗಸರ ಮಿನಿ ಬಸ್ಸು ಆಗಲೇ ಮುಂದೆ ಹೋಗಿತ್ತು. ಗೆಳೆಯರಲ್ಲಿ ಯಾರ ಹತ್ತಿರವೂ ಗಾಳಿ ಹೊಡೆಯುವ ಪಂಪಿನ ಹೊರತು ಬೇರೇನೂ ಇರಲಿಲ್ಲ.

“ನನ್ನ ಸೈಕಲ್ ತಗಂಡು ಹೋಗು ಅಂತ ಆಗಿಂದ ಹೇಳ್ತಿದೀನಿ ಅಕ್ಕ, ಕೇಳ್ತಿಲ್ಲ ಇವ್ನು,” ಎಂದ ಒಬ್ಬ ಗೆಳೆಯ.

“ಹೋದ್ರೆ ಇದ್ರಲ್ಲೇ,” ಎಂದ ವಿಜಯ್.

ಗಂಗಾಂಬಿಕೆ ತನ್ನ ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿದಳು. ರವಿಕೆಯ ಕಟ್ಟನ್ನು ತೆಗೆದು ಆ ಗೆಳೆಯನ ಎರಡು ಅಂಗೈಗಳ ಮೇಲೆ ಇಟ್ಟಳು. “ಇದು ಮದುಮಗಳ ಬ್ಲೌಸು. ಪ್ರಸಾದ ಹಿಡ್ಕಂಡಂಗೆ ಹಿಡ್ಕ. ನೆಲಕ್ಕೂ ಇಡಬೇಡ, ಕಂಕುಳಲ್ಲೂ ಇಟ್ಕೋಬೇಡ.” ಹುಡುಗ ಗಾಬರಿಯಿಂದ ಹಾಗೇ ನಿಂತುಬಿಟ್ಟ. ಅವಳು ಇಂಗಿನ ಡಬ್ಬಿ ತೆಗೆದಳು. ಬೆಳಗಿನ ಅವಸರದಲ್ಲಿ ಕೈಗವಸು ಮನೆಯಲ್ಲೇ ಉಳಿದಿತ್ತು.

ಅಷ್ಟರಲ್ಲಿ ಹಿಂದಿನಿಂದ ಹೂವಿನ ಅಲಂಕಾರ ಮಾಡಿದ ಬಿಳಿ ಕಾರು ಬಂದು ನಿಂತಿತು. ಮುಂದಿನ ಬಾಗಿಲು ತೆರೆದು ಗರಿಗರಿಯಾದ ಬಿಳಿ ಶರ್ಟು, ಪಂಚೆ ಉಟ್ಟ ಹಿರಿಯರೊಬ್ಬರು ಇಳಿದರು. ವಿಜಯನ ತಂದೆ ರಾಜಶೇಖರ್. ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಗ ಕಾರಿಗೆ ಒಪ್ಪದಿದ್ದರೂ ಅದನ್ನು ಬಾಡಿಗೆಗೆ ಮಾಡಿಯೇ ತಂದಿದ್ದರು.

“ನಾನು ಹೇಳಿರ್ಲಿಲ್ವಾ?” ಎಂದು ಶುರು ಮಾಡಿದರು. “ಈ ಡಕೋಟ ಸೈಕಲ್ಲು ಕೈ ಕೊಡುತ್ತೆ ಅಂತ ಹೇಳಿರ್ಲಿಲ್ವಾ? ಬಣ್ಣ ಹೊಡೆದ್ರೆ ಚೈನು ಹೊಸಾದಾಗುತ್ತಾ? ಏಳು, ಕಾರು ಹತ್ತು. ಹೆಣ್ಣಿನ ಕಡೆಯೋರು ಆರತಿ ಹಿಡ್ಕಂಡು ಕಾಯ್ತಿರ್ತಾರೆ.”

“ಒಂದು ಹತ್ತು ನಿಮಿಷ ಅಪ್ಪ. ಇವರು ಸರಿ ಮಾಡ್ತಾರಂತೆ.”

“ಮದುವೆ ದಿನ ರಸ್ತೆ ಮೇಲೆ ಕೂತು ರಿಪೇರಿ! ಯಾರಾದ್ರೂ ನೋಡಿದ್ರೆ ಎಂತ ಅಂದ್ಕತಾರೆ? ಎಲ್ಲ ಆ ಮೊಬೈಲಲ್ಲಿ ವಿಡಿಯೋ ಹಾಕೋ ಹುಚ್ಚು.”

ವಿಜಯ್ ಎದ್ದು ನಿಂತ. ಗೆಳೆಯರ ಮುಂದೆ ಮಾತಾಡಲು ಅವನಿಗೆ ಸಂಕೋಚವಾಗಿತ್ತು, ಆದರೂ ಹೇಳಿದ. “ವಿಡಿಯೋಗಲ್ಲ ಅಪ್ಪ. ನೀವು ನೆಮ್ಮಾರ್ ಕಡೆ ದನಗಳಿಗೆ ಇಂಜೆಕ್ಷನ್ ಕೊಡೋಕೆ ಹೋಗ್ತಿದ್ದಿದ್ದು ಇದ್ರಲ್ಲೇ. ನನ್ನನ್ನ ಮುಂದಿನ ಬಾರ್ ಮೇಲೆ ಟವೆಲ್ ಹಾಸಿ ಕೂರಿಸ್ಕೊಂಡು ಹೋಗ್ತಿದ್ರಲ್ಲ. ದಾರೀಲಿ ಸಿಕ್ಕೋರೆಲ್ಲ ನಿಮ್ಮನ್ನ ನಿಲ್ಸಿ ಮಾತಾಡ್ಸೋರು. ನಂಗೆ ಆಗ ನಮ್ಮಪ್ಪನಷ್ಟು ದೊಡ್ಡೋರು ಯಾರೂ ಇಲ್ಲ ಅನ್ನಿಸ್ತಿತ್ತು. ಅದ್ಕೇ ಇದ್ರಲ್ಲೇ ಮದುವೆಗೆ ಹೋಗ್ಬೇಕು ಅಂತ.”

ರಾಜಶೇಖರ್ ಹೂವು ಸರಿಸಿ ಸೈಕಲ್ಲಿನ ಮುಂದಿನ ಬಾರನ್ನು ಒಮ್ಮೆ ಸವರಿದರು.

“ಇದನ್ನ ಮೊದ್ಲೇ ಹೇಳೋಕೆ ಎಂತಾಗಿತ್ತು ನಿಂಗೆ?”

“ಹೇಳಿದ್ರೆ ಸಾಕು ಸುಮ್ನಿರು ಅಂತಿದ್ರಿ.”

“ಅದೂ ಹೌದು,” ಎಂದರು ರಾಜಶೇಖರ್. ಆಮೇಲೆ ಗಂಗಾಂಬಿಕೆಯ ಕಡೆ ತಿರುಗಿ, “ತಾಯಿ, ಇದು ಆಗುತ್ತಾ?” ಎಂದು ಕೇಳಿದರು.

“ಆಗದೆ ಎಂತ. ಒಬ್ಬರು ಚೈನಿನ ತುದಿ ಹಿಡ್ಕಳೋಕೆ ಬೇಕು. ಮದುಮಗ ಬೇಡ, ಜುಬ್ಬಾ ಕೊಳೆ ಆಗುತ್ತೆ.”

ರಾಜಶೇಖರ್ ತೋಳು ಮಡಿಚಿ, ಪಂಚೆ ಎತ್ತಿ ಕಟ್ಟಿ, ಅವಳ ಎದುರು ಕುಕ್ಕರಗಾಲಲ್ಲಿ ಕೂತುಬಿಟ್ಟರು. ಗಂಗಾಂಬಿಕೆ ಮುರಿದ ಕೊಂಡಿಯನ್ನೂ ಅದರ ಪಕ್ಕದ ಸವೆದ ಕೊಂಡಿಯನ್ನೂ ಪಿನ್ನು ಒತ್ತಿ ತೆಗೆದಳು. ಡಬ್ಬಿಯಿಂದ ಎರಡು ಹೊಸ ಕೊಂಡಿ ಆರಿಸಿ ಸೇರಿಸಿದಳು. ಚೈನನ್ನು ಹಲ್ಲಿನ ಚಕ್ರದ ಮೇಲೆ ಕೂರಿಸಿ ಎರಡೂ ತುದಿಗಳನ್ನು ರಾಜಶೇಖರರ ಕೈಗೆ ಕೊಟ್ಟು, ಲಾಕು ತೂರಿಸಿ, ಮೀನಿನ ಆಕಾರದ ಪಟ್ಟಿಯನ್ನು ಅದರ ಮೇಲಿಟ್ಟು ಇನ್ನೇನು ಒತ್ತಬೇಕು.

“ಇದೆಂತ, ಇಂಗಿನ ವಾಸನೆ...” ಎಂದ ರಾಜಶೇಖರರಿಗೆ ದೊಡ್ಡದೊಂದು ಸೀನು ಬಂತು. ಕೈ ಅಲುಗಿತು, ಪಟ್ಟಿ ಟಣ್ಣನೆ ಹಾರಿ ಹುಲ್ಲಿನೊಳಗೆ ಎಲ್ಲೋ ಮಾಯವಾಯಿತು. ದಿಬ್ಬಣವೆಲ್ಲ ಮೊಣಕಾಲೂರಿ ಹುಲ್ಲು ಕೆದಕಲು ಶುರು ಮಾಡಿತು.

“ಬಿಡಿ ಬಿಡಿ, ಇನ್ನೊಂದಿದೆ,” ಎಂದಳು ಗಂಗಾಂಬಿಕೆ, ಸ್ವಲ್ಪವೂ ಬೇಜಾರಿಲ್ಲದೆ. “ನೀವು ಮಾತ್ರ ಆ ಕಡೆ ಮುಖ ಮಾಡ್ಕಂಡು ಸೀನಿ.”

ಅದೇ ಹೊತ್ತಿಗೆ ಅವಳ ಫೋನು ಹೊಡೆದುಕೊಂಡಿತು. ಕೈ ಖಾಲಿಯಿರಲಿಲ್ಲ. ಕಾರಿನ ಡ್ರೈವರ್ ಯೋಗೇಶ ಬಂದು ಅವಳ ಚೀಲದಿಂದ ಫೋನು ತೆಗೆದು ಅವಳ ಕಿವಿಗೆ ಹಿಡಿದ. ಭವ್ಯಳ ಅಮ್ಮ. “ಗಂಗಕ್ಕ, ಬ್ಲೌಸ್ ಎಲ್ಲಿ? ಗಂಡೂ ಬಂದಿಲ್ಲ, ನೀನೂ ಬಂದಿಲ್ಲ, ನಾನು ಒಳಗೂ ಹೊರಗೂ ಓಡಾಡ್ತಿದೀನಿ!”

“ಗಂಡು ನನ್ನ ಹತ್ರಾನೇ ಇದೆ, ಬ್ಲೌಸೂ ನನ್ನ ಹತ್ರಾನೇ ಇದೆ. ಎರಡೂ ಸರಿಯಾಗಿದೆ. ಹೆದರ್ಬೇಡಿ,” ಎಂದಳು ಗಂಗಾಂಬಿಕೆ.

ಈ ಸಲ ಪಟ್ಟಿ ಕಟಕ್ಕೆಂದು ಕೂತಿತು. ಅವಳು ಹಿಂದಿನ ಚಕ್ರ ಎತ್ತಿ ಪೆಡಲ್ ತಿರುಗಿಸಿದಳು. ಚೈನು ಸದ್ದಿಲ್ಲದೆ ಓಡಿತು. ಗೆಳೆಯರೆಲ್ಲ ಚಪ್ಪಾಳೆ ಹೊಡೆದರು. ರವಿಕೆ ಹಿಡಿದವನೊಬ್ಬ ಹೊಡೆಯಲಾಗದೆ ತಲೆ ಕುಣಿಸಿದ.

ರಾಜಶೇಖರ್ ಎದ್ದು, ಎಂದೂ ಬಿಡದ ಅಭ್ಯಾಸದಂತೆ ಶರ್ಟಿನ ಎದೆಯನ್ನು ಕೊಡವಿಕೊಂಡರು. ಬಿಳಿ ಶರ್ಟಿನ ಮೇಲೆ ಐದು ಬೆರಳೂ ಸ್ಪಷ್ಟವಾಗಿ ಮೂಡಿದವು. ಅವರು ಅದನ್ನು ಬಗ್ಗಿ ನೋಡಿ, “ಹೋಗ್ಲಿ ಬಿಡು, ಮದುವೆ ನಂದಲ್ಲವಲ್ಲ,” ಎಂದರು. “ಯೋಗೇಶ, ಈ ತಾಯಿನ ಕಾರಲ್ಲಿ ಕರ್ಕಂಡು ಹೋಗು. ಮೊದ್ಲು ಬ್ಲೌಸ್ ತಲುಪ್ಲಿ.”

“ಅಯ್ಯೋ, ನನ್ನ ಸೈಕಲ್ಲು?”

“ಅದನ್ನ ತಲುಪಿಸೋ ಜವಾಬ್ದಾರಿ ನಂದು. ನೀವು ಹತ್ತಿ.”

ಗಂಗಾಂಬಿಕೆ ರವಿಕೆಯ ಕಟ್ಟನ್ನು ಆ ಗೆಳೆಯನ ಕೈಯಿಂದ ಸೀದಾ ತನ್ನ ಮಡಿಲಿಗೆ ಹಾಕಿಸಿಕೊಂಡು, ಕಪ್ಪು ಕೈಗಳನ್ನು ಮೇಲಕ್ಕೆ ಹಿಡಿದು ಕಾರಿನಲ್ಲಿ ಕೂತಳು. ಕಾರು ಹೊರಟಿತು.

ಆಮೇಲೆ ನಡೆದದ್ದನ್ನು ಅವಳು ಕಣ್ಣಾರೆ ನೋಡಲಿಲ್ಲ, ವಿಜಯನ ಗೆಳೆಯರೇ ಹೇಳಿದ್ದು. ಚೈನು ಗಟ್ಟಿಯಾಗಿದೆಯೋ ಇಲ್ಲವೋ ನೋಡಬೇಕು ಎಂದು ರಾಜಶೇಖರ್ ತಾವೇ ಸೈಕಲ್ ಹತ್ತಿದರಂತೆ. ಆ ಮರದವರೆಗೆ ಹೋಗಿ ಬರುತ್ತೇನೆ ಎಂದರಂತೆ. ಮರ ಬಂತು, ತಿರುಗಲಿಲ್ಲ. ತಿರುವೂ ಬಂತು, ತಿರುಗಲಿಲ್ಲ. ಹೂಮಾಲೆ ಹಾರಾಡಿಸುತ್ತಾ, ಟ್ರಿಣ್ ಟ್ರಿಣ್ ಎಂದು ಬೆಲ್ಲು ಬಾರಿಸುತ್ತಾ ಮುಂದಕ್ಕೆ ಹೋದವರು ಹೋದರೇ. “ಅಪ್ಪಾ! ಮದುಮಗ ನಾನು!” ಎಂದು ವಿಜಯ್ ಕೂಗಿದ್ದು ಅವರಿಗೆ ಕೇಳಿತೋ ಇಲ್ಲವೋ. ಕೊನೆಗೆ ಅವನು ಕೊಂಬೆಯ ಮೇಲಿನ ಪೇಟ ತೆಗೆದು ತಲೆಗೆ ಸಿಕ್ಕಿಸಿಕೊಂಡು, ಅಲ್ಲಿ ಉಳಿದಿದ್ದ ಗಂಗಾಂಬಿಕೆಯ ಲೇಡೀಸ್ ಸೈಕಲ್ ಹತ್ತಬೇಕಾಯಿತು.

ಇತ್ತ ಸಮುದಾಯ ಭವನದ ಬಾಗಿಲಲ್ಲಿ ಹೆಣ್ಣಿನ ಕಡೆಯವರು ಆರತಿ ತಟ್ಟೆ, ಕಳಶ ಹಿಡಿದು ನಿಂತಿದ್ದರು. ಹೂವಿನ ಕಾರು ಕಾಣುತ್ತಲೇ ವಾಲಗ ಜೋರಾಯಿತು. ಯಾರೋ ಓಡಿಬಂದು ಕಾರಿನ ಬಾಗಿಲು ತೆರೆದರು. ಒಳಗಿನಿಂದ ಗಂಗಾಂಬಿಕೆ, ಎರಡೂ ಕಪ್ಪು ಕೈ ಮೇಲೆತ್ತಿಕೊಂಡು, ಮೊಣಕೈಗಳ ನಡುವೆ ಬಿಳಿ ಗಂಟು ಒತ್ತಿಕೊಂಡು ಇಳಿದಳು. ವಾಲಗದವನು ಅರ್ಧಕ್ಕೇ ನಿಲ್ಲಿಸಿಬಿಟ್ಟ. ಆರತಿ ಹಿಡಿದಿದ್ದ ಭವ್ಯಳ ಚಿಕ್ಕಮ್ಮ, ತಟ್ಟೆ ಎತ್ತಿಯಾಗಿತ್ತಾದ್ದರಿಂದ, ಗಂಗಾಂಬಿಕೆಗೇ ಒಂದು ಸುತ್ತು ಬೆಳಗಿಬಿಟ್ಟಳು.

“ನಂಗಲ್ಲ ಮಾರಾಯ್ತಿ! ಗಂಡು ಹಿಂದೆ ಬರ್ತಿದೆ!” ಎನ್ನುತ್ತಾ ಗಂಗಾಂಬಿಕೆ ಒಳಗೆ ಓಡಿದಳು.

ಹಿಂದೆ ಬಂದದ್ದು ಗಂಡಲ್ಲ, ಗಂಡಿನ ಅಪ್ಪ. ಬೆವರಿ ಕೆಂಪಾದ ಮುಖ, ಶರ್ಟಿನ ಮೇಲೆ ಕಪ್ಪು ಅಂಗೈ, ಹೂವಿನ ಸೈಕಲ್ಲು. ಇಳಿದವರೇ ನೆರೆದವರಿಗೆಲ್ಲ ಕೈ ಮುಗಿದು, “ಬಣ್ಣ ಹೊಡೆದ್ರೂ ಮುಂದಿನ ಬಾರ್ ಮೇಲೆ ಇನ್ನೂ ಟವೆಲ್ ಸುತ್ತಿದ ಗುರುತಿದೆ ಕಣ್ರೀ,” ಎಂದು ಯಾರಿಗೋ ಹೇಳಿದರು. ಆರತಿಯವಳಿಗೆ ಈಗ ಯಾರನ್ನು ನಂಬುವುದೋ ತಿಳಿಯಲಿಲ್ಲ. ಕೊನೆಗೂ ಗೆಳೆಯರ ಸೈಕಲ್ಲುಗಳ ನಡುವೆ, ಬುಟ್ಟಿಯಲ್ಲಿ ಆ ನಾಲ್ಕು ಸೀರೆ ಇಟ್ಟುಕೊಂಡ ಲೇಡೀಸ್ ಸೈಕಲ್ಲಿನಲ್ಲಿ ಮದುಮಗ ಬಂದ. ನಕ್ಕು ನಕ್ಕು ಆರತಿ ತಟ್ಟೆಯ ನೀರು ಅರ್ಧ ಚೆಲ್ಲಿತ್ತು. ಒಳಗೆ ರವಿಕೆ ಕೈಗೆ ಸರಿಯಾಗಿ ಏರಿತ್ತು. ಭವ್ಯ ಕಿಟಕಿಯ ಸಂದಿಯಿಂದ ನೋಡಿ, ಹಚ್ಚಿದ ಕಾಡಿಗೆ ಕದಡುವಷ್ಟು ನಕ್ಕಳು.

ಮುಹೂರ್ತ ಸರಿಯಾದ ಹೊತ್ತಿಗೆ ನಡೆಯಿತು. ಮದುವೆಯ ಫೋಟೋಗಳಲ್ಲೆಲ್ಲ ರಾಜಶೇಖರರ ಎದೆಯ ಮೇಲೆ ಐದು ಬೆರಳಿನ ಗುರುತಿದೆ. ಬೇರೆ ಶರ್ಟು ತರಿಸುತ್ತೇನೆಂದು ಹೆಂಡತಿ ಎಷ್ಟು ಹೇಳಿದರೂ ಅವರು ಬದಲಾಯಿಸಲಿಲ್ಲ. ಊಟದ ಪಂಕ್ತಿಯಲ್ಲಿ ಅವರೇ ಗಂಗಾಂಬಿಕೆ, ಮೆಹರ್ ಬಾನು, ಅಸಾದುಲ್ಲಾ ಸಾಹೇಬರನ್ನು ಹುಡುಕಿಕೊಂಡು ಬಂದು ಪಕ್ಕದಲ್ಲಿ ಕೂತರು. ಸಾಹೇಬರು ಮತ್ತು ಅವರು ಹಳೆಯ ಸೈಕಲ್ಲುಗಳ ವಿಷಯ ಹಿಡಿದರೆ, ಪಾಯಸ ಎರಡನೇ ಸಲ ಬಂದು ಹೋದದ್ದೂ ಇಬ್ಬರಿಗೂ ಗೊತ್ತಾಗಲಿಲ್ಲ.

ಮದುವೆಯಾಗಿ ಕೆಲವು ತಿಂಗಳಿಗೆ ವಿಜಯನ ಫೋನು ಬಂತು. ಅವನ ಶಾಲೆಯ ಮಕ್ಕಳಿಗೆ ಒಂದು ದಿನ ಬಂದು ಚೈನು ಸರಿ ಮಾಡುವುದು ತೋರಿಸಿಕೊಡಬೇಕಂತೆ. ಗಂಗಾಂಬಿಕೆ ಒಪ್ಪಲಿಲ್ಲ. “ನಾನೆಂತ ಮಾತಾಡ್ಲಿ ಶಾಲೇಲಿ? ನಾನು ಓದಿದ್ದೇ ಅಷ್ಟಕ್ಕಷ್ಟೆ,” ಎಂದಳು. “ಮಾತು ಬೇಡ ಅಕ್ಕ, ಕೈ ಸಾಕು,” ಎಂದ ವಿಜಯ್.

ಒಬ್ಬಳೇ ಹೋಗಲು ಧೈರ್ಯ ಸಾಲದೆ ಮೆಹರ್ ಬಾನುವನ್ನು ಎಳೆದುಕೊಂಡು ಕೊಪ್ಪಕ್ಕೆ ಹೋದಳು. ಶಾಲೆಯಲ್ಲಿ ವೇದಿಕೆ, ಮೈಕು, ಮೇಜಿನ ಮೇಲೆ ಹೂವಿನ ಕುಂಡ ಎಲ್ಲ ಸಿದ್ಧವಾಗಿತ್ತು. ಮೈಕು ಕೈಗೆ ಬಂದಾಗ ಗಂಗಾಂಬಿಕೆ ಅದಕ್ಕೆ ಒಂದು ನಮಸ್ಕಾರ ಹೇಳಿ ವಿಜಯನಿಗೇ ವಾಪಸ್ ಕೊಟ್ಟು, ವೇದಿಕೆ ಇಳಿದು ಮಕ್ಕಳ ನಡುವೆ ನೆಲದ ಮೇಲೆ ಕೂತಳು. ಒಂದು ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿದರು. ಅದಾದ ಮೇಲೆ ಅವಳಿಗೆ ಅಂಜಿಕೆಯೂ ಇರಲಿಲ್ಲ, ಗಂಟೆ ಹೊಡೆದದ್ದೂ ಕೇಳಲಿಲ್ಲ. ಚೈತ್ರ ಎಂಬ ಹುಡುಗಿ ತಾನೇ ಒಂದು ಕೊಂಡಿ ಸೇರಿಸಿ, ಸೈಕಲ್ಲನ್ನು ಮೈದಾನದಲ್ಲಿ ಒಂದು ಸುತ್ತು ಓಡಿಸಿಕೊಂಡು ಬಂದಳು. ಬಂದವಳೇ, “ನಾನು ನಿಮ್ಮನ್ನ ಮೇಡಂ ಅನ್ಲಾ, ಅಕ್ಕ ಅನ್ಲಾ?” ಎಂದು ಕೇಳಿದಳು.

“ಮೇಡಂ ಅಂದ್ರೆ ನಾನು ಹಿಂದೆ ತಿರುಗಿ ನೋಡ್ತೀನಿ, ಯಾರೋ ಬಂದ್ರು ಅಂತ. ಅಕ್ಕ ಅನ್ನು,” ಎಂದಳು ಗಂಗಾಂಬಿಕೆ.

ಸಂಜೆ ಇಬ್ಬರು ಗೆಳತಿಯರೂ ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಬಿಸಿ ಮೆಣಸಿನಕಾಯಿ ಬೋಂಡ ತಿನ್ನುತ್ತಾ ಬಸ್ಸಿಗೆ ಕಾದರು. ಶಾಲೆಯವರು ಹೊದೆಸಿದ ಶಾಲು ಗಂಗಾಂಬಿಕೆಯ ಹೆಗಲ ಮೇಲಿತ್ತು. ಅಷ್ಟರಲ್ಲಿ ದಿವ್ಯ ಶೃಂಗೇರಿಯಿಂದ ಫೋನು ಮಾಡಿದಳು. ಅವಳ ಮನೆಯ ಹತ್ತಿರದ ಶಾಲೆಯವರಿಗೆ ಸುದ್ದಿ ತಲುಪಿ, ಅಮ್ಮನನ್ನು ಅಲ್ಲಿಗೂ ಕರೆಸಬೇಕೆಂದು ಅವಳ ಬೆನ್ನು ಹತ್ತಿದ್ದಾರಂತೆ.

“ಹೋಗೋಣ,” ಎಂದಳು ಮೆಹರ್ ಬಾನು, ಗಂಗಾಂಬಿಕೆ ಬಾಯಿ ತೆರೆಯುವ ಮೊದಲೇ. “ಶೃಂಗೇರೀಲಿ ಹೊಳೆ ಮೀನು ನೋಡ್ಕೊಂಡು ಬರೋಣ. ಆದ್ರೆ ಗಂಗಕ್ಕ, ನಿಮಗೊಂದು ಏಪ್ರನ್ ಹೊಲಿದುಕೊಡ್ತೀನಿ, ದೊಡ್ಡ ಜೇಬು ಇಟ್ಟು. ಒಳ್ಳೆ ಸೀರೆಗಳೆಲ್ಲ ಹಾಳಾಗ್ತಿದೆ.”

“ಯಾವ ಬಣ್ಣದ್ದು?”

“ಕಪ್ಪು.”

“ಕಪ್ಪೆಂತಕ್ಕೆ? ಮದುವೆ ಬ್ಲೌಸಿಂದು ನೀಲಿ ಬಟ್ಟೆ ಉಳ್ದಿದೆಯಲ್ಲ ನಿನ್ನ ಹತ್ರ, ಅದ್ರಲ್ಲೇ ಮಾಡು. ಜೇಬಿನ ಮೇಲೆ ಒಂದು ನವಿಲೂ ಬರ್ಲಿ,” ಎಂದಳು ಗಂಗಾಂಬಿಕೆ.

ಬಸ್ಸು ಬಂತು. ಇಬ್ಬರೂ ಉಳಿದ ಬೋಂಡದ ಪೊಟ್ಟಣ ಹಿಡಿದುಕೊಂಡು, ನವಿಲು ಯಾವ ಕಡೆ ಮುಖ ಮಾಡಿರಬೇಕು ಎಂದು ವಾದ ಮಾಡುತ್ತಲೇ ಹತ್ತಿದರು.